ದಿನಕ್ಕೆ ಎರಡು ಗಳಿಗೆ

ಹಿಂದಿನ ಎಡಚಕ್ರ ಗಿರ್ರೆಂದು ತಿರುಗಿ ಹಸಿ ಮರಳನ್ನು ಎರಚಿತು. ಓಮ್ನಿ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ವಿಶಾಲ ಇನ್ನೊಮ್ಮೆ ಆಕ್ಸಿಲರೇಟರ್ ಒತ್ತಲು ಹೋದಾಗ ಪಕ್ಕದ ಸೀಟಿನಿಂದ ಪ್ರಕಾಶ ಕೈಚಾಚಿ, ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಟ್ಟ.

"ಒತ್ತಬೇಡ ಮಾರಾಯ. ಒತ್ತಿದಷ್ಟೂ ಹುಗೀತದೆ."

ಇಬ್ಬರೂ ಇಳಿದು ಹಿಂದೆ ಹೋಗಿ ನೋಡಿದರು. ಹಳ್ಳ ಬಂದು ಕಡಲಿಗೆ ಸೇರುವ ಜಾಗದ ಪಕ್ಕ ಅದು. ಮೇಲೆ ಸಿಮೆಂಟು ಹಾಕಿದ ಹಾಗೆ ಗಟ್ಟಿಯಾಗಿ ಕಾಣುತ್ತಿದ್ದ ಮರಳು ಒಂದು ಗೇಣು ಕೆಳಗೆ ಗಂಜಿಯ ಹಾಗಿತ್ತು. ಚಕ್ರ ಅರ್ಧಕ್ಕೆ ಕೂತಿತ್ತು. ರಿವರ್ಸ್ ತೆಗೆದುಕೊಳ್ಳುವಾಗ ಕನ್ನಡಿಯನ್ನಷ್ಟೇ ನಂಬಬಾರದು, ಕತ್ತು ತಿರುಗಿಸಿ ಹಿಂದೆ ನೋಡಬೇಕು ಎಂದು ಪ್ರಕಾಶ ಹತ್ತು ಸಲ ಹೇಳಿದ್ದ. ಇವತ್ತು ಕನ್ನಡಿಯೊಳಗೆ ಹಳ್ಳ ಎಲ್ಲೋ ದೂರದಲ್ಲಿದ್ದಂತೆ ಕಂಡಿತ್ತು.

ಪ್ರಕಾಶ ವಾಚು ನೋಡಿಕೊಂಡ. ಐದೂಮುಕ್ಕಾಲು. ಎಂಟು ಗಂಟೆಗೆ ಅವನು ಲಾಡ್ಜಿನ ಗಿರಾಕಿಗಳನ್ನು ಕರೆತರಲು ಮುರ್ಡೇಶ್ವರ ಸ್ಟೇಶನ್ನಿನಲ್ಲಿರಬೇಕಿತ್ತು. ವ್ಯಾನು ಲಾಡ್ಜಿನದು. ಅದು ವಾರಕ್ಕೆ ಎರಡು ಸಂಜೆ ಹೀಗೆ ದಂಡೆಗೆ ಬರುತ್ತದೆಂದು ಲಾಡ್ಜಿನ ಸಾವಕಾರರಿಗೆ ಗೊತ್ತಿರಲಿಲ್ಲ.

"ನಿಮ್ಮ ಕೇರಿಗೆ ಹೋಗಿ ಹತ್ತು ಜನ ಕರೀತೆ," ಎಂದು ಪ್ರಕಾಶ ಪ್ಯಾಂಟು ಮಡಚಿಕೊಂಡ. "ಎತ್ತಿ ಆಚೆ ಇಡ್ತ್ರು. ಐದು ನಿಮಿಷದ ಕೆಲಸ."

"ಬ್ಯಾಡ ಪ್ರಕಾಶಣ್ಣ," ವಿಶಾಲ ಅಡ್ಡ ನಿಂತ. "ಕೇರಿಯವ್ರು ಬಂದ್ರೆ ಅಪ್ಪಂಗೆ ಗೊತ್ತಾತದೆ. ರಾತ್ರಿ ಒಳಗೆ ನಿಮ್ಮ ಸಾವ್ಕಾರ್ರಿಗೂ ಮುಟ್ತದೆ. ಇವತ್ತು ಬಿದಿಗೆ. ಆರೂವರೆವರೆಗೂ ನೀರು ಇಳೀತದೆ. ಅದು ತಿರುಗಿ ಇಲ್ಲಿಗೆ ಬರಬೇಕಂದ್ರೆ ಎಂಟೂವರೆ ಆಗಬೇಕು. ನಾವೇ ತೋಡಿ ತೆಗೀವ."

ಪ್ರಕಾಶ ಕಡಲನ್ನು ನೋಡಿದ. ಅವನು ಹೆಬಳೆಯ ಗದ್ದೆಯ ಕಡೆಯವನು, ಮನೆಯಲ್ಲಿ ಯಾರೂ ಕಡಲಿಗೆ ಇಳಿದವರಲ್ಲ. ನೀರು ವ್ಯಾನಿನಿಂದ ನೂರು ಹೆಜ್ಜೆ ದೂರದಲ್ಲಿತ್ತು, ಗಾಳಿಯೇ ಇರಲಿಲ್ಲ.

"ಖಾತ್ರಿಯೋ?"

"ಖಾತ್ರಿ."

ಈ ಲೆಕ್ಕವನ್ನು ವಿಶಾಲನಿಗೆ ಅವನ ಅಪ್ಪ ಮಾಸ್ತಿ ಹೇಳಿಕೊಟ್ಟಿದ್ದ. ಹತ್ತು ವರ್ಷದ ಹುಡುಗನಾಗಿದ್ದಾಗ ಮರಳಿನ ಮೇಲೆ ಕೂರಿಸಿ, ಬೆರಳ ಗೆಣ್ಣುಗಳನ್ನು ಎಣಿಸಿ ಕಲಿಸಿದ ಲೆಕ್ಕ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಭರತ, ಸಂಜೆ ಐದಕ್ಕೆ ಇಳಿತ. ಅಲ್ಲಿಂದ ಮುಂದೆ ದಿನಕ್ಕೆ ಎರಡು ಗಳಿಗೆ ತಡ. ಪಾಡ್ಯಕ್ಕೆ ಎರಡು, ಬಿದಿಗೆಗೆ ನಾಲ್ಕು, ತದಿಗೆಗೆ ಆರು. ಗಳಿಗೆಯೆಂದರೆ ಇಪ್ಪತ್ತನಾಲ್ಕು ನಿಮಿಷ. ಕಾಲೇಜಿಗೆ ಹೋಗುವ ಸುಚಿತಾ, ಅವನ ತಂಗಿ, ಒಮ್ಮೆ ಭೂಗೋಳದ ಪುಸ್ತಕದಲ್ಲಿ ಚಂದ್ರ ದಿನವೂ ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆಂದು ಓದಿ, ಅಪ್ಪನ ಲೆಕ್ಕ ಎರಡೇ ನಿಮಿಷ ತಪ್ಪೆಂದು ಬೆರಗಾಗಿದ್ದಳು. ಮಾರ್ಚಿನಿಂದ ಈಚೆಗೆ ವಿಶಾಲ ಹದಿನೇಳು ಸಲ ದಂಡೆಯಲ್ಲಿ ವ್ಯಾನು ಓಡಿಸಿದ್ದ. ಹದಿನೇಳು ಸಲವೂ ಹೊತ್ತು ಗೊತ್ತುಮಾಡಿದವನು ಅವನೇ. ಇಳಿತದ ಹೊತ್ತಿನಲ್ಲಿ ಗಟ್ಟಿಯಾಗುವ ಆ ಉದ್ದನೆಯ ಮರಳಿಗೆ ಕಟ್ಟೆಯಿಲ್ಲ, ಎಮ್ಮೆಯಿಲ್ಲ, ಎದುರಿನಿಂದ ಬರುವ ಬಸ್ಸಿಲ್ಲ. ಒಂದು ದಿನವೂ ಚಕ್ರಕ್ಕೆ ನೀರು ಮುಟ್ಟಿರಲಿಲ್ಲ.

ಅವನ ಅವಸರಕ್ಕೆ ಕಾರಣವಿತ್ತು. ಫೆಬ್ರವರಿಯಲ್ಲಿ ಮಾಸ್ತಿಯ ಬಲಗೈ ಬೋಟಿನ ವಿಂಚಿಗೆ, ಬಲೆಯ ಉಕ್ಕಿನ ಹಗ್ಗವನ್ನು ಸುತ್ತಿ ಎಳೆಯುವ ಯಂತ್ರಕ್ಕೆ, ಸಿಕ್ಕಿತು. ಎರಡು ಬೆರಳು ಹೋದವು. ಉಳಿದ ಮೂರು ಮಡಚಲಿಲ್ಲ. ಇಪ್ಪತ್ತೆರಡು ವರ್ಷ ದುಡಿದವನ ಜಾಗ ಅವನ ಮನೆಗೇ ಉಳಿಯಬೇಕೆಂಬುದು ಕೇರಿಯ ರೂಢಿ. ಕೈಯಾಗದವನ ಜಾಗಕ್ಕೆ ಮಗ ಬರಬೇಕು, ಮಗನಿಲ್ಲದಿದ್ದರೆ ತಮ್ಮ. ಮಳೆಗಾಲದ ಜೋರು ಕಳೆದು, ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಬೋಟು ಹೊರಡುವಾಗ ಆ ಜಾಗದಲ್ಲಿ ಮನೆಯವರು ಯಾರಾದರೂ ನಿಂತಿರಬೇಕು. ಇಲ್ಲದಿದ್ದರೆ ಜಾಗವೂ ಮೀನಿನ ಪಾಲೂ ಬೇರೆ ಮನೆಗೆ ಹೋಗುತ್ತದೆ. ಮಾಸ್ತಿಗೆ ತಮ್ಮಂದಿರಿರಲಿಲ್ಲ.

ವಿಶಾಲ ಒಮ್ಮೆ ಬೋಟಿಗೆ ಹೋದವನೇ, ಹದಿನೈದನೇ ವಯಸ್ಸಿನಲ್ಲಿ. ದಂಡೆ ಕಣ್ಣಿಗೆ ಮರೆಯಾಗುವ ಮೊದಲೇ ವಾಂತಿ ಶುರುವಾಯಿತು. ಮೊದಲ ದಿನ ಎಲ್ಲರಿಗೂ ಆಗುತ್ತದೆ, ನಾಳೆಗೆ ಸರಿಯಾಗುತ್ತದೆ ಎಂದು ಬೋಟು ನಡೆಸುವ ತಾಂಡೇಲ ದಾಸ ನಗೆಯಾಡುತ್ತಿದ್ದ. ಮೂರನೇ ದಿನ ಹಸಿರು ಪಿತ್ತದ ಜೊತೆ ರಕ್ತದ ಎಳೆ ಕಂಡಾಗ ಅವನೂ ಸುಮ್ಮನಾದ. ನಾಲ್ಕನೇ ದಿನ ಹುಡುಗನನ್ನು ಚಾಪೆಯಲ್ಲಿ ಸುತ್ತಿ ಇಳಿಸಿದರು. ಮಾಸ್ತಿಯ ಮಗ ಮೀನಿಗೆ ಗಂಜಿ ಬಡಿಸಲು ಹೋಗಿದ್ದ ಎಂಬ ಮಾತು ಕೇರಿಯಲ್ಲಿ ಎರಡು ವರ್ಷ ಓಡಾಡಿತು. ಆದರೆ ಪ್ರಕಾಶನ ವ್ಯಾನಿನಲ್ಲಿ, ಎಷ್ಟೇ ತಿರುವಿನ ರಸ್ತೆಯಲ್ಲಿ ಹೋದರೂ, ಅವನ ಹೊಟ್ಟೆ ಒಮ್ಮೆಯೂ ಮೇಲೆ ಬರಲಿಲ್ಲ. ಲಾಡ್ಜಿನ ಸಾವಕಾರರು ದಸರೆಯ ಹೊತ್ತಿಗೆ ಎರಡನೆಯ ವ್ಯಾನು ತರುವವರಿದ್ದರು. ಲೈಸನ್ಸಿರುವ, ಗುರುತಿನ ಹುಡುಗ ಬೇಕೆಂದು ಪ್ರಕಾಶನಿಗೆ ಹೇಳಿದ್ದರು. ತಿಂಗಳಿಗೆ ಸಾವಿರದ ಆರುನೂರು, ಊಟ ಅಲ್ಲೇ.

ಈ ಮಾತು ಮನೆಯಲ್ಲಿ ಬಂದಾಗ ಮಾಸ್ತಿ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ನೂಲ ಹುಣ್ಣಿಮೆ ಒಳಗೆ ಲೈಸನ್ಸು ತಕಂಡು ಬಾ," ಎಂದಿದ್ದ. "ತಂದ್ರೆ ಜಾಗ ಹೋದ್ರೂ ನಾ ಬಾಯಿ ಬಿಡೂದಿಲ್ಲ. ಇಲ್ಲಾಂದ್ರೆ ಬೋಟು ಹತ್ತು."

ಹೊನ್ನಾವರದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿ ಲೈಸನ್ಸು ಮಾಡಿಸಿಕೊಡಲು ಮೂರೂವರೆ ಸಾವಿರ ಹೇಳಿದರು. ಕಲಿತು ಬಂದವನಿಗೆ ಪರೀಕ್ಷೆಗೆ ಕಾರು, ಫಾರ್ಮು, ಫೀಸು ಎಲ್ಲ ಸೇರಿ ಸಾವಿರದ ಎಂಟುನೂರು. ವಿಶಾಲ ಎರಡನೆಯದನ್ನು ಆರಿಸಿಕೊಂಡ. ಬೆಳಿಗ್ಗೆ ನಾಲ್ಕಕ್ಕೆ ಐಸ್ ಫ್ಯಾಕ್ಟರಿಗೆ ಹೋಗಿ, ಮಂಜುಗಡ್ಡೆಯ ದಿಂಡುಗಳನ್ನು ಕೊಕ್ಕೆಯಿಂದ ಎಳೆದು ಪುಡಿಮಾಡುವ ಯಂತ್ರಕ್ಕೆ ಹಾಕುವ ಕೆಲಸ. ದಿನಕ್ಕೆ ಐವತ್ತು. ಅದರಲ್ಲಿ ಇಪ್ಪತ್ತು ಮನೆಗೆ. ಉಳಿದದ್ದರಲ್ಲಿ ವ್ಯಾನು ಓಡಿಸಿದ ದಿನ ಒಂದು ಲೀಟರ್ ಪೆಟ್ರೋಲು, ಪ್ರಕಾಶನಿಗೆ ಇಪ್ಪತ್ತು ರೂಪಾಯಿ. ಮಿಕ್ಕಿದ್ದು ಅವ್ವಿಯ ಚಂಚಿಗೆ.

ಅವನ ಅವ್ವಿ ಗಂಗೆ ಮೀನು ಬುಟ್ಟಿ ಹೊತ್ತು ಹೆದ್ದಾರಿಯಾಚೆಯ ಊರುಗಳಲ್ಲಿ ಮನೆಮನೆಗೆ ಮಾರುವವಳು. ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆಯ ಚಂಚಿಯಲ್ಲಿ ಒಂದು ಪದರವನ್ನು ಮಗನ ಹಣಕ್ಕೆಂದು ಬೇರೆ ಹೊಲಿದಿದ್ದಳು. ಒಂದು ದಿನ ವಿಶಾಲ ಎಣಿಸಿ ನೋಡಿದಾಗ ತಾನು ಕೊಟ್ಟದ್ದಕ್ಕಿಂತ ನೂರನಲವತ್ತು ಹೆಚ್ಚಿತ್ತು. ಕೇಳಿದ್ದಕ್ಕೆ ಅವಳು, ಬಸ್ಸಿನ ಕಂಡಕ್ಟರ್ ಬುಟ್ಟಿ ನೋಡಿ ಮೂಗು ಮುಚ್ಚಿಕೊಳ್ಳುತ್ತಾನೆ, ಅವನ ಮುಖ ನೋಡುವುದಕ್ಕಿಂತ ನಡೆಯುವುದೇ ಮೇಲು ಎಂದಳು. ಹೋಗಿಬಂದು ಒಂಬತ್ತು ಕಿಲೋಮೀಟರ್. ನೋಟುಗಳಿಗೆಲ್ಲ ಹೊಗೆಸೊಪ್ಪಿನ, ಬಂಗಡೆಯ ವಾಸನೆ. ಮೇ ಕೊನೆಗೆ ಚಂಚಿಯಲ್ಲಿ ಸಾವಿರದ ಎಂಟುನೂರ ಅರವತ್ತಿತ್ತು. ಕಲಿಕೆಯ ಲೈಸನ್ಸು ಏಪ್ರಿಲಿನಲ್ಲಿ, ಹದಿನೆಂಟು ತುಂಬಿದ ವಾರವೇ ಆಗಿತ್ತು. ಪರೀಕ್ಷೆ ಸೋಮವಾರ. ಇವತ್ತು ಶನಿವಾರ. ರಿವರ್ಸ್ ಒಂದು ಸರಿಯಾಗಿ ಬಂದರೆ ಆಯಿತು ಎಂದು ಪ್ರಕಾಶನೇ ಕರೆದಿದ್ದ.

ಅವರು ಕೈಯಿಂದ ಮರಳು ತೋಡಿದರು. ತೋಡಿದ ಕುಳಿಗೆ ಕೆಳಗಿನಿಂದ ನೀರು ಒಸರಿ, ಅಂಚು ಕುಸಿದು ಮತ್ತೆ ತುಂಬುತ್ತಿತ್ತು. ವಿಶಾಲ ದಂಡೆಯ ಮೇಲಿನ ತೋಟದ ಬೇಲಿಯಿಂದ ಒಣ ತೆಂಗಿನ ಗರಿಗಳನ್ನು ಎಳೆದುತಂದು ಚಕ್ರದ ಕೆಳಗೆ ತುರುಕಿದ. ಪ್ರಕಾಶ ಎಂಜಿನ್ ಚಾಲೂ ಮಾಡಿ ನಿಧಾನವಾಗಿ ಕ್ಲಚ್ ಬಿಟ್ಟ. ವ್ಯಾನು ಒಂದು ಮೊಳ ಮುಂದೆ ಬಂದು, ಗರಿಗಳನ್ನು ನುಂಗಿ, ಇನ್ನೂ ಕೆಳಗೆ ಕೂತಿತು. ಮತ್ತೆ ಗರಿ, ಮತ್ತೆ ತೋಡುವುದು. ಆರೂಕಾಲಿಗೆ ಪ್ರಕಾಶ ತಲೆಯೆತ್ತಿ ನೋಡಿದಾಗ ನೀರು ಇನ್ನಷ್ಟು ದೂರ ಹೋಗಿತ್ತು. "ಬಾಯಲ್ಲಿ ಹೇಳಿದ ಹಾಗೇ ಇಳೀತದಲ್ಲೋ," ಎಂದು ಅವನು ಮೊದಲ ಸಲ ಸ್ವಲ್ಪ ನಕ್ಕ.

ವಿಶಾಲನಿಗೂ ಸಮಾಧಾನವಾಯಿತು. ಒಂದು ವಿಷಯ ಮಾತ್ರ ಅವನ ಗಮನಕ್ಕೆ ಬಂದಿತ್ತು. ಬಗ್ಗಿ ತೋಡುವಾಗ ಕಿವಿಗೆ ಬೀಳುತ್ತಿದ್ದ ತೆರೆಗಳ ಸದ್ದಿನ ನಡುವೆ ಬಹಳ ಬಿಡುವಿತ್ತು. ದಿನವೂ ಒಂದು ತೆರೆ ಬಿದ್ದು ಇನ್ನೊಂದು ಬೀಳುವುದರೊಳಗೆ ಏಳು ಎಂಟು ಎಣಿಸಬಹುದು. ಇವತ್ತು ಹದಿನಾಲ್ಕರವರೆಗೆ ಎಣಿಸಿದ್ದ. ನೀರು ನುಣ್ಣಗೆ, ಎಣ್ಣೆ ಸವರಿದ ಹಾಗಿತ್ತು. ಕಡಲು ದಣಿದಿದೆ ಎಂದು ಮಾತ್ರ ಅವನಿಗೆ ತೋರಿತು.

ಮೊದಲ ದೊಡ್ಡ ತೆರೆ ಸದ್ದಿಲ್ಲದೆ ಬಂತು. ಎಲ್ಲೂ ಒಡೆಯಲಿಲ್ಲ. ಇಡೀ ಕಡಲೇ ಒಂದು ಮೊಳ ಎತ್ತರವಾದ ಹಾಗೆ ಉಬ್ಬಿ, ನೂರು ಹೆಜ್ಜೆಯ ಮರಳನ್ನು ಒಂದೇ ಉಸಿರಿಗೆ ದಾಟಿ, ಅವರ ಮೊಣಕಾಲಿಗೆ ಬಂತು. ವಾಪಸು ಹೋಗುವಾಗ ಚಕ್ರದ ಸುತ್ತಲಿನ ಮರಳನ್ನು ಕೊರೆದುಕೊಂಡು ಹೋಯಿತು. ವ್ಯಾನು ಒಂದು ಬದಿಗೆ ವಾಲಿತು. ಪ್ರಕಾಶ ಬಾಗಿಲು ತೆಗೆದು ಸೀಟಿನ ಕೆಳಗೆ ಕೈ ಹಾಕಿದ. ಆ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲೇ. ಎರಡನೆಯ ತೆರೆ ಒಳಗೆ ನುಗ್ಗಿದಾಗ ಬಿಸಿ ಎಂಜಿನ್ನಿನಿಂದ ಹಬೆಯೆದ್ದು ಅವನ ಮುಖಕ್ಕೆ ಹೊಡೆಯಿತು. ಅವನು ವಿಶಾಲನ ಮುಖವನ್ನೊಮ್ಮೆ ನೋಡಿ, ಕೇರಿಯ ಕಡೆ ಓಡಿದ.

ಕೇರಿಯವರು ಬಂದದ್ದು ಹತ್ತು ನಿಮಿಷದಲ್ಲಿ, ಇಪ್ಪತ್ತು ಜನ. ಅಷ್ಟರಲ್ಲಿ ನೀರು ಕಿಟಕಿಯ ಕೆಳಅಂಚಿಗೆ ಬಂದಿತ್ತು. ಅವರಿಗೆ ಗೊತ್ತಿದ್ದದ್ದು ದೋಣಿ ಎಳೆಯುವ ಒಂದೇ ಕ್ರಮ. ದಪ್ಪ ಹಗ್ಗ ತಂದು ಮುಂದಿನ ಬಂಪರಿಗೆ ಬಿಗಿದರು, ಎರಡು ಸಾಲಾಗಿ ಹಿಡಿದರು, ದಾಸ ಮುಂದೆ ನಿಂತು ಕೂಗು ಕೊಟ್ಟ. ತೆರೆ ಬಂದು ಎತ್ತುವ ಕ್ಷಣಕ್ಕೆ ಕಾದು ಎಲ್ಲರೂ ಒಟ್ಟಿಗೆ ಎಳೆದರು. ದೋಣಿಯಾಗಿದ್ದರೆ ತೇಲಿ ಬರುತ್ತಿತ್ತು. ಬಂಪರು ಕಿತ್ತು ಬಂತು. ಹಗ್ಗ ಹಿಡಿದವರು ಒಬ್ಬರ ಮೇಲೊಬ್ಬರು ಬಿದ್ದರು.

"ಎಂತ ಮೀನಾ ಇದು, ಬರೀ ಮೂತಿ ಬಂತಲ್ಲ," ಎಂದು ಯಾರೋ ಅಂದರು. ಕೆಲವರು ನಕ್ಕರು.

ಎರಡನೆಯ ಸಲ ಹಗ್ಗವನ್ನು ಬಾಗಿಲುಗಳ ಮೂಲಕ ಹಾಯಿಸಿ, ಸೊಂಟಕ್ಕೆ ಕಟ್ಟಿದ ಹಾಗೆ ಕಟ್ಟಿ, ಕೆಳಗೆ ದೋಣಿಯ ಉರುಳುಮರಗಳನ್ನು ಕೊಟ್ಟು ಎಳೆದರು. ವ್ಯಾನು ಹೊಟ್ಟೆ ಉಜ್ಜಿಕೊಳ್ಳುತ್ತ, ಎಲ್ಲ ಸಂದಿಗಳಿಂದ ನೀರು ಸುರಿಸುತ್ತ ಮೇಲೆ ಬರುವಾಗ ಕತ್ತಲಾಗಿತ್ತು. ಹಗ್ಗದ ತುದಿಯಲ್ಲಿ, ಎಡಗೈಯೊಂದರಿಂದಲೇ ಎಳೆಯುತ್ತಿದ್ದವನು ಮಾಸ್ತಿ ಎಂದು ವಿಶಾಲನಿಗೆ ಆಗಲೇ ಗೊತ್ತಾದದ್ದು.

ಜನ ಕರಗಿದ ಮೇಲೆ ಮಾಸ್ತಿ ಮಗನ ಪಕ್ಕ ಬಂದು ನಿಂತ. ಏರುದನಿಯಿರಲಿಲ್ಲ.

"ಇಳಿತ ಎಷ್ಟಕ್ಕೆ ಅಂತ ಹಿಡಿದಿದ್ದೆ?"

"ಆರೂವರೆ."

"ಲೆಕ್ಕ ಸರಿ ಅದೆ." ಮಾಸ್ತಿ ಕತ್ತಲಲ್ಲಿ ಕಡಲಿನ ಕಡೆ ಕಿವಿಗೊಟ್ಟ. "ಮಳೆ ಹತ್ರ ಬಂದಾಗ, ಗಾಳಿ ಇಲ್ದೆ ತೆರೆ ದೂರ ದೂರ ಬಿದ್ರೆ, ಆ ಲೆಕ್ಕ ಹಿಡೀಬಾರ್ದು. ಎಲ್ಲೋ ಸಾವಿರ ಮೈಲಿ ಆಚೆ ಕಡಲು ಎದ್ದಿರ್ತದೆ. ಅದು ತಿಥಿ ಕೇಳಿ ಬರೂದಿಲ್ಲ."

"ನೀ ಹೇಳಿರ್ಲಿಲ್ಲ, ಅಪ್ಪ."

"ದಂಡೆ ಮೇಲಿನ ಮಕ್ಳಿಗೆ ಅಷ್ಟೇ ಹೇಳೂದು. ಉಳದದ್ದು ಬೋಟಲ್ಲಿ ಹೇಳೂದು."

ಭಟ್ಕಳದ ಗ್ಯಾರೇಜಿನವನಿಗೆ ಪ್ರಕಾಶ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ. ಎಂಜಿನ್ ಒಳಗೆ ಉಪ್ಪುನೀರು ಒಣಗಲು ಬಿಡಬಾರದು, ಇವತ್ತು ರಾತ್ರಿಯೇ ಬಿಚ್ಚಿ ಸಿಹಿನೀರಿನಲ್ಲಿ, ಆಮೇಲೆ ಡೀಸೆಲ್ಲಿನಲ್ಲಿ ತೊಳೆದರೆ ಉಳಿದೀತು, ನಾಳೆಗೆ ಬಿಟ್ಟರೆ ತುಕ್ಕು ಕಚ್ಚಿ ಹೊಸ ಎಂಜಿನ್ನೇ ಹಾಕಬೇಕು ಎಂದ ಆತ. ಎಳೆದೊಯ್ಯಲು, ಬಿಚ್ಚಲು, ಎಣ್ಣೆಗೆ, ವೈರುಗಳಿಗೆ ಎರಡು ಸಾವಿರ ಕೈಯಲ್ಲಿಟ್ಟರೆ ಮಾತ್ರ ಕೈ ಹಚ್ಚುತ್ತೇನೆ ಎಂದೂ ಹೇಳಿದ. ಬೂತಿನ ಹೊರಗೆ ಪ್ರಕಾಶ ಜೇಬಿನಲ್ಲಿದ್ದದ್ದನ್ನು ತೆಗೆದು ನೋಡಿದ. ನೂರಾ ಎಂಬತ್ತಿತ್ತು. ಅವನ ಹೆಂಡತಿ ಮಂಗಲಾಗೆ ಅದು ಎಂಟನೇ ತಿಂಗಳು. ಅವನು ವಿಶಾಲನಿಂದ ಏನನ್ನೂ ಕೇಳಲಿಲ್ಲ. ಮನೆಗೆ ಹೋಗು, ಒದ್ದೆಯಲ್ಲಿ ನಿಲ್ಲಬೇಡ ಎಂದಷ್ಟೇ ಹೇಳಿದ.

ವಿಶಾಲ ಮನೆಗೆ ಹೋದ. ಗಂಗೆ ಒಲೆಯ ಮುಂದೆ ಕೂತಿದ್ದಳು. ಸುದ್ದಿ ಅವಳಿಗೆ ಮುಟ್ಟಿಯಾಗಿತ್ತು. ಅವನು ಬಾಗಿಲಲ್ಲೇ ನಿಂತು ಎಲ್ಲ ಹೇಳಿದ, ಪ್ರಕಾಶ ಆಗಲೇ ಜನ ಕರೆಯಲು ಹೊರಟಿದ್ದನ್ನೂ ತಾನು ಅಡ್ಡನಿಂತದ್ದನ್ನೂ ಬಿಡದೆ. ಅವಳು ಸೌಟನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಚಂಚಿ ಬಿಚ್ಚಿದಳು. ಒಳಪದರದ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಕಿತ್ತಳು. ಕೊಡುವಾಗ ಎಣಿಸಲಿಲ್ಲ. ಖಾಲಿ ಪದರವನ್ನು ಬೆರಳಿನಿಂದ ಸವರಿ, ಅಲ್ಲಿ ಅಂಟಿಕೊಂಡಿದ್ದ ಹೊಗೆಸೊಪ್ಪಿನ ಪುಡಿಯನ್ನು ಝಾಡಿಸಿ ಮತ್ತೆ ಮಡಚಿಟ್ಟುಕೊಂಡಳು.

ಸೋಮವಾರ ಬೆಳಿಗ್ಗೆ ವಿಶಾಲ ಎಂದಿನಂತೆ ನಾಲ್ಕಕ್ಕೆ ಐಸ್ ಫ್ಯಾಕ್ಟರಿಗೆ ಹೋದ. ಹತ್ತು ಗಂಟೆಗೆ, ಹೊನ್ನಾವರದಲ್ಲಿ ಅವನ ಹೆಸರು ಕೂಗುವ ಹೊತ್ತಿಗೆ, ಅವನು ಕೊನೆಯ ದಿಂಡನ್ನು ಯಂತ್ರಕ್ಕೆ ದೂಡುತ್ತಿದ್ದ. ಮತ್ತೆ ಕೂಡಿಡಬಹುದಿತ್ತು, ಕಲಿಕೆಯ ಲೈಸನ್ಸಿಗೆ ಅಕ್ಟೋಬರದವರೆಗೆ ಅವಧಿಯಿತ್ತು. ಆದರೆ ಹತ್ತೇ ದಿನಕ್ಕೆ ಮಳೆಗಾಲದ ನಿಷೇಧ ಬಂದು ಬೋಟುಗಳು ನಿಂತವು. ಬೋಟು ನಿಂತ ಮೇಲೆ ಐಸ್ ಬೇಡ. ಗಂಗೆಯ ಬುಟ್ಟಿಗೆ ಒಣಮೀನು ಬಿಟ್ಟರೆ ಬೇರೇನೂ ಇಲ್ಲ. ಚಂಚಿಯಲ್ಲಿ ಎಲೆಯಡಿಕೆಯೇ ಎಣಿಸುವಷ್ಟಾಯಿತು.

ಉಳಿದದ್ದು ಲಾಡ್ಜಿನ ಕೆಲಸದ ಆಸೆ. ದಸರೆಗೆ ಇನ್ನೂ ಹೊತ್ತಿದೆ, ಸಾವಕಾರರು ಮನಸ್ಸು ಮಾಡಿ ಲೈಸನ್ಸಿನ ಹಣವನ್ನು ಮುಂಚಿತವಾಗಿ ಕೊಟ್ಟರೂ ಕೊಟ್ಟಾರು ಎಂದು ಅವನು ಯೋಚಿಸಿಕೊಂಡಿದ್ದ. ಜೂನ್ ಕೊನೆಯ ವಾರ ಸಾವಕಾರರೇ ಕರೆಕಳಿಸಿದರು.

ಲಾಡ್ಜಿನ ಅಂಗಳದಲ್ಲಿ ತಗಡಿನ ಮಾಡಿನ ಕೆಳಗೆ ಓಮ್ನಿ ನಿಂತಿತ್ತು. ಬಂಪರು ಹೊಸತು. ಪ್ರಕಾಶ ಒದ್ದೆ ಬಟ್ಟೆಯಿಂದ ಅದರ ಗಾಜು ಒರೆಸುತ್ತಿದ್ದ. ವಿಶಾಲನನ್ನು ಕಂಡವನು ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ. ಸಾವಕಾರರು ಗಲ್ಲಾಪೆಟ್ಟಿಗೆಯ ಹಿಂದೆ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದರು. ಬೈಯುವವರ ಹಾಗೆ ಕಾಣಲಿಲ್ಲ.

"ಮಾಸ್ತಿ ಮಗನೋ ನೀನು? ನಿನ್ನ ಅಪ್ಪ ಒಳ್ಳೆಯವ. ಅದಕ್ಕೇ ಪೊಲೀಸಿಗೆ ಹೇಳಲಿಲ್ಲ ನಾನು." ಅವರು ಪ್ರಕಾಶನ ಕಡೆ ಗದ್ದ ಚಾಚಿದರು. "ಎರಡನೇ ವ್ಯಾನಿಗೆ ನಿನ್ನ ಹೆಸರೇ ಹೇಳಿದ್ದ ಇವ, ಒಳ್ಳೆ ಹುಡುಗ ಅಂತ. ಇವ ಊಟಕ್ಕೆ ಕೂತಾಗ ನೀ ಗೂಟದ ಮೇಲಿನ ಕೀಲಿ ಕೇಳದೆ ತಕಂಡು ಹೋದೆ ಅಂತಾನೆ. ಹಾಗಾದ್ರೆ ಇವನ ಮರ್ಯಾದೆ ಎಂತ ಆತು? ನಿನ್ನ ಬಾಯಲ್ಲಿ ಒಂದು ಸಲ ಕೇಳುವಾ ಅಂತ ಕರೆದೆ. ಕೀಲಿ ನೀನೇ ತಕಂಡದ್ದು ಹೌದೋ?"

ಅಂಗಳದಲ್ಲಿ ಬಟ್ಟೆ ಗಾಜಿನ ಮೇಲೆ ಕಿರ್ ಕಿರ್ ಎನ್ನುವುದು ನಿಂತಿತು. ಮಾಡಿನಿಂದ ನೀರು ಒಂದೇ ಸಾಲಾಗಿ ಸುರಿಯುತ್ತಿತ್ತು. ಮಂಗಲಾ ಹೆತ್ತು ವಾರವಾಗಿದೆ, ಹೆಣ್ಣುಮಗು ಎಂದು ಅವ್ವಿ ಮೊನ್ನೆ ಹೇಳಿದ್ದು ವಿಶಾಲನಿಗೆ ನೆನಪಾಯಿತು. ಪ್ಯಾಂಟು ಮಡಚಿಕೊಂಡು ಕೇರಿಗೆ ಹೊರಟಿದ್ದ ಪ್ರಕಾಶನೂ, ಖಾತ್ರಿಯೋ ಎಂದು ಅವನು ಕೇಳಿದ್ದೂ ನೆನಪಾಯಿತು.

"ಹೌದು," ಎಂದ.

ಸಾವಕಾರರು ಕನ್ನಡಕವನ್ನು ಕೆಳಗಿಳಿಸಿಕೊಂಡರು. ಇನ್ನು ಈ ಅಂಗಳಕ್ಕೆ ಕಾಲಿಡಬೇಡ ಎಂದು ಹೇಳಿ, ಸ್ವಲ್ಪ ತಡೆದು, ಮಳೆ ಬಿಡಲಿ, ಬಿಟ್ಟ ಮೇಲೆ ಹೋಗು ಎಂದರು. ವಿಶಾಲ ಮಳೆಯಲ್ಲೇ ಇಳಿದ. ಗೇಟಿನ ಹತ್ತಿರ ಹಿಂದಿನಿಂದ ಹೆಜ್ಜೆ ಕೇಳಿಸಿತು. ಪ್ರಕಾಶ ಬಟ್ಟೆಯನ್ನು ತಲೆಯ ಮೇಲೆ ಹಾಕಿಕೊಂಡು ಬಂದಿದ್ದ.

"ನೀ ರಿವರ್ಸ್ ಸರಿಯೇ ತಕಂಡಿದ್ದೆ ಅವತ್ತು," ಎಂದ. "ಅಲ್ಲಿ ಹಳ್ಳ ಇಲ್ದಿದ್ರೆ."

ವಿಶಾಲ ತಲೆಯಾಡಿಸಿ ಹೊರಟ.

ನೂಲ ಹುಣ್ಣಿಮೆಯ ದಿನ ಮಳೆ ಬಿಡುವು ಕೊಟ್ಟಿತ್ತು. ಬೋಟುಗಳ ಮೂತಿಗೆ ಹೂವಿನ ಮಾಲೆ, ಅರಿಸಿನ ಕುಂಕುಮ. ಕಡಲಿಗೆ ಹಾಲು ಹೊಯ್ದು ಕಾಯಿ ಬಿಟ್ಟರು. ಗಂಗೆ ಮಗನ ಕೈಗೆ ಒಂದು ಪೊಟ್ಟಣ ಕೊಟ್ಟಳು, ಒಣಶುಂಠಿ ಮತ್ತು ಉಪ್ಪು ಹಚ್ಚಿದ ಲಿಂಬೆಯ ಹೋಳುಗಳು. ಸುಚಿತಾ ಅಣ್ಣನ ಮುಖ ನೋಡದೆ ಅವನ ಮಣಿಕಟ್ಟಿಗೆ ನೂಲು ಕಟ್ಟಿದಳು. ಮಾಸ್ತಿ ಬೋಟಿನ ಮೇಲೆ ಹತ್ತಿ, ತನ್ನ ಜಾಗ ಯಾವುದೆಂದು ತೋರಿಸಿದ. ಅದು ವಿಂಚಿನ ಎಡಬದಿಗೆ, ಹಿಡಿಕೆಯ ಹತ್ತಿರ. ಹಲಗೆ ಅಲ್ಲಿ ಎರಡು ಪಾದದ ಅಗಲಕ್ಕೆ ಸವೆದು ತಗ್ಗಾಗಿತ್ತು. ಹಗ್ಗ ಸುತ್ತುವಾಗ ಎಲ್ಲಿ ಕೈ ಇಡಬಾರದೆಂದು ಮಾಸ್ತಿ ಉಳಿದ ಮೂರು ಬೆರಳಿನಿಂದ ಮೂರು ಸಲ ತೋರಿಸಿ, ಇಳಿದುಹೋದ.

ಬೋಟು ಹೊರಟಿತು. ಒಂದು ತಾಸಿಗೆ ಮುರ್ಡೇಶ್ವರದ ದೇವಸ್ಥಾನದ ಗುಡ್ಡ ಹೆಬ್ಬೆರಳಷ್ಟಾಯಿತು. ವಿಶಾಲ ಲಿಂಬೆಯ ಹೋಳನ್ನು ದವಡೆಯಲ್ಲಿ ಒತ್ತಿ ಹಿಡಿದು, ಗುಡ್ಡವನ್ನೇ ನೋಡುತ್ತಿದ್ದ. ಅದು ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು. ದಾಸ ಚುಕ್ಕಾಣಿಯ ಗೂಡಿನಿಂದ ಕತ್ತು ಹೊರಹಾಕಿ ಕೂಗಿದ:

"ಬಲೆ ಬಿಡೂ ಹೊತ್ತಾತು. ನಿನ್ನ ಕೈ ಹತ್ರ ಇರೂ ಹಿಡಿಕೆ ಅದೆಯಲ್ಲ, ಅದೇ ಕ್ಲಚ್ಚು. ನಿಂಗೆ ಹೇಳಿಕೊಡೂದು ಬ್ಯಾಡ, ಡ್ರೈವರ್ ನೀನು."

ಯಾರೋ ನಕ್ಕರು. ಎಂಜಿನ್ನಿನ ಸದ್ದು ಇಳಿದು, ದಪ್ಪವಾಗಿ, ಗೇರು ಬದಲಿಸಬೇಕಾದ ಹೊತ್ತಿನ ಸದ್ದಾಯಿತು. ವಿಶಾಲನ ಕೈ ಹಿಡಿಕೆಯನ್ನು ಹುಡುಕುವ ಮೊದಲೇ ಅವನ ಎಡಗಾಲು, ವ್ಯಾನಿನ ಕ್ಲಚ್ಚು ತುಳಿಯುವ ಹಾಗೆ, ಅಪ್ಪನ ಪಾದದ ತಗ್ಗಿನೊಳಗೆ ಹಲಗೆಯನ್ನು ಒತ್ತಿತು. ಅಷ್ಟರಲ್ಲಿ ಹೊಟ್ಟೆ ಮೇಲೆ ಬಂತು. ಅವನು ಅಂಚಿಗೆ ಬಾಗಿದ. ಗುಡ್ಡ ಮರೆಯಾಗುವಾಗಲೂ ಅವನು ಬಾಗಿಯೇ ಇದ್ದ. ಎಡಗಾಲು ಹಲಗೆಯನ್ನು ಒತ್ತಿಕೊಂಡೇ ಇತ್ತು.